ಟೈರ್ ಸಿಡಿದರೆ ‘ಯಾರ ತಪ್ಪೂ ಇಲ್ಲ’ ಎಂದು ಸಹಿ ಹಾಕಬೇಡಿ

ಅಪಘಾತ ಪರಿಹಾರದ ಫೈಲುಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘ಕಾರಿನ ಟೈರ್ ಇದ್ದಕ್ಕಿದ್ದಂತೆ ಸಿಡಿದು ಆಕಸ್ಮಿಕವಾಗಿ ಪಲ್ಟಿಯಾಗಿದ್ದು, ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ.’ ಬರೆದದ್ದು ಠಾಣೆಯ ರೈಟರ್, ಆಸ್ಪತ್ರೆಯ ವರಾಂಡದಲ್ಲಿ ನಿಂತುಕೊಂಡೇ. ಐಸಿಯು ಬಾಗಿಲು ಕಾಯುತ್ತಿದ್ದವರು ಅದನ್ನು ಓದದೆ ಸಹಿ ಹಾಕಿರುತ್ತಾರೆ. ಮುಂದೆ ಅದೇ ಮನೆಯವರು ಸಾಕ್ಷಿ ಕಟ್ಟೆ ಹತ್ತಿದಾಗ ವಿಮಾ ಕಂಪನಿಯ ವಕೀಲರು ಮೊದಲು ಓದಿಸುವುದು ಈ ಸಾಲನ್ನೇ.

ಗೊತ್ತಿದ್ದೂ ಸಹಿ ಹಾಕುವವರೂ ಇದ್ದಾರೆ. ಕಾರು ಓಡಿಸುತ್ತಿದ್ದವನು ಅಕ್ಕನ ಮಗನೋ ಪಕ್ಕದ ಮನೆಯವನೋ ಆಗಿರುತ್ತಾನೆ. ‘ಪಾಪ, ಅವನೇನು ಬೇಕಂತ ಮಾಡಿದ್ನಾ?’ ಎಂಬ ಮರುಕ. ಅವನ ಮೇಲೆ ಕ್ರಿಮಿನಲ್ ಕೇಸು ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಿಮೆ ಸರಿಯಾಗಿದ್ದರೆ ಪರಿಹಾರದ ಹಣ ಅವನ ಜೇಬಿನಿಂದಲ್ಲ, ಕಂಪನಿಯಿಂದ ಬರುತ್ತದೆ. ಅವನನ್ನು ಉಳಿಸಲು ಹೋಗಿ ನೀವು ಉಳಿಸುವುದು ಕಂಪನಿಯ ದುಡ್ಡನ್ನು.

ಟೈರ್ ಸಿಡಿಯುವುದು ವಿಧಿಯಾಟವಲ್ಲ. ಸವೆದ ಟೈರಿನಲ್ಲಿ ರಬ್ಬರು ತೆಳುವಾಗಿರುತ್ತದೆ. ಮೊಳೆ, ಕಲ್ಲು ಬೇಗ ಒಳಗಿಳಿಯುತ್ತವೆ. ಗ್ರಿಪ್ ಹೋದ ಟೈರ್ ಮಳೆ ನೀರನ್ನು ಹೊರಗೆ ತಳ್ಳಲಾರದೆ ನೀರಿನ ಮೇಲೆಯೇ ಜಾರುತ್ತದೆ. ಅದಕ್ಕೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಕಾರಿನ ಗ್ರಿಪ್ ಆಳ ಕನಿಷ್ಠ 1.6 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳದ್ದು 0.8 ಮಿ.ಮೀ. ಇರಬೇಕೆನ್ನುತ್ತದೆ. ಕಣ್ಣಿಗೆ ಕಾಣುವಂಥ ದೋಷವಿರುವ ವಾಹನವನ್ನು ರಸ್ತೆಗಿಳಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅಪರಾಧ. ದಂಡ 1,500 ರೂಪಾಯಿ. ಆ ದೋಷದಿಂದ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ.

ಇನ್ನು ‘ದೇವರ ಆಟ’ ಎಂಬ ವಾದ. ವಾಹನದ ದೋಷವೇ ಕಾರಣ ಎನ್ನುವ ಮಾಲೀಕ, ಎಷ್ಟು ಎಚ್ಚರದಿಂದ ನೋಡಿದ್ದರೂ ಆ ದೋಷ ಸಿಗುತ್ತಿರಲಿಲ್ಲ ಎಂದು ತಾನೇ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರೊಂದರ ಟೈರ್ ಸಿಡಿದು ಪ್ರಯಾಣಿಕ ಸತ್ತ ಪ್ರಕರಣದಲ್ಲಿ, ಇದು ದೇವರ ಆಟವಲ್ಲ, ಮನುಷ್ಯರ ಅಲಕ್ಷ್ಯ ಎಂದು ಬಾಂಬೆ ಹೈಕೋರ್ಟ್ 2023ರಲ್ಲಿ ವಿಮಾ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು.

ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಜನ ಸೋಲುವುದು ಯಾಕೆ? ಟೈರೇ ಮಾಯವಾಗಿರುತ್ತದೆ. ಮೋಟಾರು ವಾಹನ ನಿರೀಕ್ಷಕರು ಠಾಣೆಗೆ ಬಂದು ನೋಡಿಹೋದ ಮೇಲೆ ಕಾರು ಬಿಡುಗಡೆಯಾಗುತ್ತದೆ, ಗ್ಯಾರೇಜಿಗೆ ಹೋಗುತ್ತದೆ, ಹಳೇ ಟೈರ್ ಗುಜರಿ ಸೇರುತ್ತದೆ. ನಿರೀಕ್ಷಕರ ವರದಿಯಲ್ಲಾದರೂ ವಿವರ ಇರುತ್ತದೆಯೇ ಎಂದು ನೋಡಿದರೆ ‘ಮುಂದಿನ ಎಡ ಟೈರ್ ಬರ್ಸ್ಟ್’ ಎಂಬ ನಾಲ್ಕು ಪದದ ಷರಾ. ಗ್ರಿಪ್ ಎಷ್ಟಿತ್ತು, ತಂತಿ ಕಾಣುತ್ತಿತ್ತೇ, ರಿಸೋಲ್ ಟೈರೇ, ಒಂದೂ ಇಲ್ಲ. ಅಳೆಯಲು ಎರಡು ನಿಮಿಷ ಬೇಕಿರಲಿಲ್ಲ!

ಆದ್ದರಿಂದ ಮೊದಲ ಕೆಲಸ, ಮನೆಯವರಲ್ಲಿ ಒಬ್ಬರು ಆಸ್ಪತ್ರೆ ಬಿಟ್ಟು ಕಾರಿನ ಬಳಿ ಹೋಗಬೇಕು. ನಾಲ್ಕೂ ಟೈರಿನ ಫೋಟೊ ತೆಗೆಯಿರಿ, ಸಿಡಿದದ್ದೊಂದೇ ಸಾಲದು. ಸಿಡಿದ ಟೈರ್ ಚಿಂದಿಯಾಗಿದ್ದರೂ ಉಳಿದ ಮೂರು ಮಾಲೀಕನ ಕಾಳಜಿ ಎಷ್ಟೆಂದು ಹೇಳುತ್ತವೆ. ಗ್ರಿಪ್ ಸಂದಿನಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ಪಟ್ಟಿ ಇರುತ್ತದೆ. ಗ್ರಿಪ್ ಆ ಪಟ್ಟಿಯ ಮಟ್ಟಕ್ಕೆ ಸವೆದಿದ್ದರೆ ಟೈರಿನ ಆಯುಸ್ಸು ಮುಗಿದಿದೆ ಎಂದರ್ಥ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯನ್ನೂ ಹತ್ತಿರದಿಂದ ತೆಗೆಯಿರಿ. ‘2319’ ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಚ್ಚರ: ಕಾರು ಪೊಲೀಸರ ವಶದಲ್ಲಿದ್ದರೆ ಯಾವುದನ್ನೂ ಬಿಚ್ಚಬೇಡಿ, ಮುಟ್ಟಬೇಡಿ. ಟೈರುಗಳ ಸ್ಥಿತಿಯನ್ನು ಮಹಜರಿನಲ್ಲೂ ವರದಿಯಲ್ಲೂ ಬರೆಯಬೇಕೆಂದು ಠಾಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಅದೆಲ್ಲ ನಾವು ನೋಡ್ಕೋತೀವಿ’ ಎಂದು ಹಿಂದಕ್ಕೆ ಕಳಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಎಫ್‌ಐಆರ್ ಪ್ರತಿ ಉಚಿತ, ಅದಕ್ಕೆ ಯಾರಿಗೂ ಕೈ ಬೆಚ್ಚಗೆ ಮಾಡಬೇಕಿಲ್ಲ.

ಎರಡನೆಯದು, 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ. ಅಪಘಾತ ದೂರದ ಊರಲ್ಲಾಗಿದ್ದರೂ ನೀವು ವಾಸವಿರುವ ಕಡೆಯೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವಂತೆ, ಅಪಘಾತವಾದ ದಿನದಿಂದ ಆರು ತಿಂಗಳ ಗಡುವಿದೆ. ಈ ಗಡುವಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ ನಿಜ, ಅದನ್ನು ನೆಚ್ಚಿ ಕೂರಬೇಡಿ. ಚಾರ್ಜ್‌ಶೀಟ್ ಬರಲಿ ಎಂದೂ ಕಾಯಬೇಡಿ.

ಇಲ್ಲಿ ಬ್ರೋಕರುಗಳು ಹಾಜರಾಗುತ್ತಾರೆ. ತಪ್ಪು ಸಾಬೀತು ಮಾಡದೆಯೇ ಸಿಗುವ 164ನೇ ಕಲಮಿನ ಪರಿಹಾರ ಕೊಡಿಸುತ್ತೇವೆ ಎನ್ನುತ್ತಾರೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಅವರಿಗೆ ಬೇಗ ಕಮಿಷನ್, ನಿಮಗೆ ನಷ್ಟ. ದುಡಿಯುವ ವಯಸ್ಸಿನವರು ಸತ್ತಿದ್ದರೆ ಆದಾಯ, ವಯಸ್ಸು, ಅವಲಂಬಿತರ ಲೆಕ್ಕದಲ್ಲಿ 166ರಡಿ ಅದರ ಹಲವು ಪಟ್ಟು ಬರಬಹುದು. ಖಾಲಿ ಕಾಗದಕ್ಕಾಗಲಿ, ಖಾಲಿ ಚೆಕ್ಕಿಗಾಗಲಿ ಸಹಿ ಬೇಡ.

ಎಲ್ಲರಿಗೂ ಈ ದಾರಿ ಇಲ್ಲ. ಕಾರಿನ ಮಾಲೀಕನೇ ಓಡಿಸುತ್ತಿದ್ದು ಟೈರ್ ಸಿಡಿದು ಸತ್ತಿದ್ದರೆ, ತನ್ನದೇ ತಪ್ಪಿಗೆ 166ರಡಿ ಪರಿಹಾರವಿಲ್ಲ. ಪಾಲಿಸಿಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಆ 15 ಲಕ್ಷವನ್ನು ಕಂಪನಿಯಿಂದ ನೇರ ಕೇಳಿ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕೂತವರ ಪರಿಹಾರಕ್ಕೆ ಕಂಪನಿ ಕೈ ಎತ್ತುತ್ತದೆ, ಆಗ ಹೊಣೆ ಮಾಲೀಕನದೇ. ಪ್ಯಾಕೇಜ್ ಪಾಲಿಸಿಯಾದರೆ ಆ ತೊಂದರೆಯಿಲ್ಲ. ನಿಮ್ಮದೇ ಬೈಕಿನ ಟೈರ್ ಬೋಳಾಗಿದ್ದು ಲಾರಿ ಗುದ್ದಿದ್ದರೆ ಕಂಪನಿ ನಿಮ್ಮ ತಪ್ಪನ್ನೂ ಎಣಿಸಲು ನೋಡುತ್ತದೆ. ಆ ಟೈರಿಗೂ ಅಪಘಾತಕ್ಕೂ ಸಂಬಂಧವಿತ್ತೇ ಎಂದು ಕೇಳಿಸಿ.

ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಾ? ಕೈ ಚೆಲ್ಲಬೇಡಿ. ತನಿಖಾಧಿಕಾರಿಗೆ ಪುರವಣಿ ಹೇಳಿಕೆ ಕೊಡಿ, ಕಂಡದ್ದನ್ನು ಮಾತ್ರ ಹೇಳಿ. ನ್ಯಾಯಮಂಡಳಿಯಲ್ಲಿ ವಾಹನ ನಿರೀಕ್ಷಕರನ್ನು ಸಾಕ್ಷಿಯಾಗಿ ಕರೆಸಲು ನಿಮ್ಮ ವಕೀಲರಿಗೆ ಹೇಳಿ. ಗ್ರಿಪ್ ಅಳೆದಿರಾ ಎಂಬ ಪ್ರಶ್ನೆಗೆ ಅವರೇ ಉತ್ತರಿಸಲಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ.