ಟೆಕ್ಸಾಸ್ ಹೆಪ್ಪುಗಟ್ಟಿದ ವಾರ

2021ರ ಫೆಬ್ರವರಿ ನಡುಭಾಗದಲ್ಲಿ ಉತ್ತರಧ್ರುವದ ಕಡೆಯ ಶೀತಗಾಳಿ ಅಮೆರಿಕದ ಒಳನಾಡನ್ನು ಹಾದು ಮೆಕ್ಸಿಕೋ ಕೊಲ್ಲಿಯವರೆಗೂ ಇಳಿಯಿತು. 16ರ ಬೆಳಿಗ್ಗೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಉಷ್ಣಾಂಶ ಹೆಚ್ಚುಕಡಿಮೆ ಮೈನಸ್ 19 ಡಿಗ್ರಿ ಸೆಲ್ಸಿಯಸ್. 1949ರಿಂದೀಚೆಗೆ ಆ ಊರು ಅಂಥ ಚಳಿ ಕಂಡಿರಲಿಲ್ಲ. ಉತ್ತರದ ಮಿನೆಸೋಟ ರಾಜ್ಯದಲ್ಲಾದರೆ ಇದು ಸುದ್ದಿಯೇ ಅಲ್ಲ. ಟೆಕ್ಸಾಸ್‌ನಲ್ಲಿ ಸರ್ಕಾರಿ ಲೆಕ್ಕದ ಪ್ರಕಾರವೇ 246 ಮಂದಿ ಸತ್ತರು.

ಟೆಕ್ಸಾಸ್‌ನ ಬಹುಭಾಗಕ್ಕೆ ತನ್ನದೇ ವಿದ್ಯುತ್ ಜಾಲವಿದೆ. ನೆರೆಯ ಜಾಲಗಳೊಡನೆ ಅದರ ನಂಟು ತೀರಾ ಕಡಿಮೆ. ಚಳಿಗೆ ಹೀಟರುಗಳು ಒಟ್ಟಿಗೆ ಉರಿದು ಬೇಡಿಕೆ ಏರಿದ ಹೊತ್ತಿಗೇ ಸ್ಥಾವರಗಳು ಒಂದೊಂದಾಗಿ ಕೈಕೊಟ್ಟವು. ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದನ್ನೇ ರಾಜಕಾರಣಿಗಳು ದೊಡ್ಡದು ಮಾಡಿದರು, ಆದರೆ ಹೆಚ್ಚಿನ ಕೊರತೆ ಬಿದ್ದದ್ದು ಅನಿಲ ಸ್ಥಾವರಗಳಲ್ಲಿ. ಅನಿಲ ಬಾವಿಗಳ ಬಾಯಿ ಮಂಜುಗಟ್ಟಿತ್ತು. ಅನಿಲವನ್ನು ಕೊಳವೆಗೆ ತಳ್ಳುವ ಕೆಲವು ಕೇಂದ್ರಗಳಿಗೆ ವಿದ್ಯುತ್ತನ್ನೇ ಕಡಿತ ಮಾಡಲಾಗಿತ್ತು. ಕರೆಂಟಿಲ್ಲದೆ ಅನಿಲವಿಲ್ಲ, ಅನಿಲವಿಲ್ಲದೆ ಕರೆಂಟಿಲ್ಲ. 2011ರ ಚಳಿಯ ನಂತರವೇ ಸ್ಥಾವರಗಳನ್ನು ಚಳಿಗೆ ಅಣಿಗೊಳಿಸಬೇಕೆಂದು ತಜ್ಞರು ಹೇಳಿದ್ದರು. ಯಾರೂ ಅದನ್ನು ಕಡ್ಡಾಯ ಮಾಡಲಿಲ್ಲ.

15ರ ನಸುಕಿನಲ್ಲಿ, 60 ಹರ್ಟ್ಸ್ ಇರಬೇಕಾದ ಜಾಲದ ಆವರ್ತನ 59.3ಕ್ಕೆ ಕುಸಿಯಿತು. ಇನ್ನು ಐದು ನಿಮಿಷ ಅದೇ ಸ್ಥಿತಿ ಮುಂದುವರಿದಿದ್ದರೆ ಇಡೀ ಜಾಲವೇ ನೆಲಕಚ್ಚುತ್ತಿತ್ತು. ಅದನ್ನು ತಪ್ಪಿಸಲು 20,000 ಮೆಗಾವಾಟ್‌ವರೆಗೆ ಲೋಡ್ ಕಡಿತವಾಯಿತು. ಸರದಿಯ ಪ್ರಕಾರ ತೆಗೆದು ಕೊಡಬೇಕಿದ್ದ ಕರೆಂಟು ಎಷ್ಟೋ ಬಡಾವಣೆಗಳಿಗೆ ದಿನಗಟ್ಟಲೆ ಮರಳಲಿಲ್ಲ. ಆಸ್ಪತ್ರೆಯಂಥ ಅಗತ್ಯ ಸೇವೆಗಳ ಲೈನಿನಲ್ಲಿದ್ದ ಮನೆಗಳು ಬೆಳಗುತ್ತಿದ್ದವು, ಪಕ್ಕದ ಬೀದಿ ಕತ್ತಲಲ್ಲಿತ್ತು. ಆಸ್ಟಿನ್ ನಗರದ ನಡುವಿನ ಖಾಲಿ ಕಚೇರಿ ಗೋಪುರಗಳಲ್ಲೂ ದೀಪ ಉರಿಯುತ್ತಿತ್ತು. ಆ ಊರಿನಲ್ಲಿದ್ದ ಈ ಲೇಖಕನನ್ನು ಚಳಿಗಿಂತ ಹೆಚ್ಚು ಕೊರೆದದ್ದು ಆ ನೋಟ. ಬೇರೆ ಜಾಲಕ್ಕೆ ಸೇರಿದ ಎಲ್ ಪಾಸೊ ನಗರ ಮಾತ್ರ ಬಹುಮಟ್ಟಿಗೆ ಬಚಾವಾಯಿತು.

ಕರೆಂಟಿನ ಹಿಂದೆಯೇ ನೀರಿನ ಪಾಡು ಶುರುವಾಯಿತು. ಅಲ್ಲಿನ ಮನೆಗಳನ್ನು ಕಟ್ಟಿರುವುದು ಸೆಕೆಗೆ. ಎಷ್ಟೋ ಮನೆಗಳಲ್ಲಿ ಪೈಪುಗಳು ಅಟ್ಟದ ಮೇಲೋ ಹೊರಗೋಡೆಯ ಒಳಗೋ ಹಾಯುತ್ತವೆ. ಪೈಪಿನೊಳಗೆ ಕಟ್ಟಿಕೊಂಡ ಮಂಜಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತಾ ಹೋಗಿ ಪೈಪು ಸೀಳುತ್ತದೆ. ಅದು ಗೊತ್ತಾಗುವುದು ಮಂಜು ಕರಗಿದ ಮೇಲೆ: ಮೊದಲು ಅಟ್ಟದಡಿಯ ಜಿಪ್ಸಮ್ ಹಲಗೆಯಲ್ಲಿ ಕಂದು ಕಲೆ, ಆಮೇಲೆ ಹಲಗೆ ಹೊಟ್ಟೆ ಬಿಟ್ಟು ಕೆಳಗೆ ಜೋಲುತ್ತದೆ, ಕೊನೆಗೆ ಹತ್ತಿಯಂಥ ಶಾಖರೋಧಕದ ಸಮೇತ ಹಾಸಿಗೆಯ ಮೇಲೆ ಬೀಳುತ್ತದೆ. ನೀರು ಶುದ್ಧೀಕರಣ ಕೇಂದ್ರಗಳೂ ಕೆಟ್ಟಿದ್ದರಿಂದ ಸುಮಾರು 1.4 ಕೋಟಿ ಜನರಿಗೆ ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂತು. ವಿದ್ಯುತ್ ಒಲೆಯ ಮನೆಯವರು ಕುದಿಸುವುದು ಯಾವುದರ ಮೇಲೆ ಎಂದು ಸೂಚನೆಯಲ್ಲಿ ಇರಲಿಲ್ಲ.

ಕೆಲವರು ಸತ್ತದ್ದು ಬೆಚ್ಚಗಾಗಲು ಹೋಗಿ. ಗ್ಯಾರೇಜಿನೊಳಗೆ ಕಾರು ಚಾಲೂ ಇಟ್ಟವರಿಗೆ, ಕೋಣೆಯಲ್ಲಿ ಇದ್ದಿಲು ಹೊತ್ತಿಸಿದವರಿಗೆ ಕಾರ್ಬನ್ ಮೊನಾಕ್ಸೈಡ್ ತಗಲಿತು. ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು, ವಾಕರಿಕೆ ಬಂದರೆ ಚಳಿಯದೇ ಕಾಟವೆಂದುಕೊಳ್ಳುವುದು ಸಹಜ. ಬ್ಯಾಟರಿಯಿಂದ ನಡೆಯುವ ಅಲಾರಂ ಒಂದಿದ್ದರೆ ಜೀವ ಉಳಿಯುತ್ತದೆ.

ಪ್ರಾಣಿಗಳೂ ಬೆಳೆಗಳೂ ಪಾಡುಪಟ್ಟವು. ರಿಯೊ ಗ್ರಾಂಡೆ ಕಣಿವೆಯ ಕಿತ್ತಳೆ, ಗ್ರೇಪ್‌ಫ್ರೂಟ್ ತೋಟಗಳು ಸುಟ್ಟಂತಾದವು. ಚಳಿಗೆ ಮರಗಟ್ಟಿದ ಸಾವಿರಾರು ಕಡಲಾಮೆಗಳನ್ನು ಸೌತ್ ಪಾಡ್ರೆ ದ್ವೀಪದ ಜನ ಸಭಾಭವನದ ನೆಲದ ಮೇಲೆ ಸಾಲಾಗಿ ಇಟ್ಟು ಉಳಿಸಿದರು.

ಅದೇ ವರ್ಷ ಸ್ಥಾವರಗಳನ್ನು ಚಳಿಗೆ ಅಣಿಗೊಳಿಸುವುದನ್ನು ರಾಜ್ಯದ ಕಾನೂನು ಕಡ್ಡಾಯ ಮಾಡಿತು. ಮನೆಗಳ ಹೊಣೆ ಮಾತ್ರ ಈಗಲೂ ಮನೆಯವರದೇ: ನಲ್ಲಿಯನ್ನು ರಾತ್ರಿಯಿಡೀ ತೊಟ್ಟಿಕ್ಕಲು ಬಿಡುವುದು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡುವುದು, ಹೊರಗಿನ ನಲ್ಲಿಗೆ ಬಟ್ಟೆ ಸುತ್ತುವುದು. ಟೆಕ್ಸಾಸ್‌ಗೆ ಹೊಸದಾಗಿ ಹೋಗಿ ನೆಲೆಸುವ ಕನ್ನಡಿಗರು ಮನೆಯ ಬೀಗದ ಕೈ ಪಡೆಯುವ ದಿನವೇ ನೀರಿನ ಮುಖ್ಯ ವಾಲ್ವ್ ಎಲ್ಲಿದೆ, ಅದನ್ನು ತಿರುಗಿಸಲು ಯಾವ ಸಲಕರಣೆ ಬೇಕು ಎಂದು ಕೇಳಿಕೊಳ್ಳಲಿ.