ಲಾನಿ ಸ್ಪ್ರಾಗ್: ಸೋತ ಸರಣಿಯಲ್ಲಿ ಗೆದ್ದ ಹುಡುಗ



ಆಸ್ಟ್ರೇಲಿಯಾದ ಮೊದಲ ರಗ್ಬಿ ಟೆಸ್ಟ್ ತಂಡದಲ್ಲಿ ಆಡಿದ ಲಾನಿ ಸ್ಪ್ರಾಗ್ ಹುಟ್ಟಿದ್ದು 1879ರಲ್ಲಿ, ಸಿಡ್ನಿಯಲ್ಲಿ. ಆಗ ಆಸ್ಟ್ರೇಲಿಯಾ ಒಂದು ದೇಶವಾಗಿರಲಿಲ್ಲ. ಬ್ರಿಟಿಷರ ಆರು ಪ್ರತ್ಯೇಕ ವಸಾಹತುಗಳಾಗಿತ್ತು. ಅವು ಒಕ್ಕೂಟವಾದದ್ದು 1901ರ ಜನವರಿ 1ರಂದು. ರಗ್ಬಿಯ ನೆಲೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್. ಈ ಎರಡು ವಸಾಹತುಗಳು 1882ರಿಂದ ಪರಸ್ಪರ ಸೆಣಸುತ್ತಿದ್ದವು.

1899ರಲ್ಲಿ ಪಾದ್ರಿ ಮ್ಯಾಥ್ಯೂ ಮಲಿನೋ ನೇತೃತ್ವದ ಬ್ರಿಟಿಷ್ ತಂಡ ಪ್ರವಾಸ ಬಂದಾಗ, ಎದುರಾಳಿಗಳಾಗಿದ್ದ ಆ ಎರಡೂ ಕಡೆಯವರು ಒಂದೇ ತಂಡವಾಗಿ ನಿಂತರು. ಜೂನ್ 24ರಂದು ಸಿಡ್ನಿಯಲ್ಲಿ ನಡೆದ ಮೊದಲ ಟೆಸ್ಟ್‌ಗೆ ಫ್ರಾಂಕ್ ರೋ ನಾಯಕ. ಹತ್ತೊಂಬತ್ತರ ಸ್ಪ್ರಾಗ್ ಹಿಂಸಾಲಿನ ಆಟಗಾರ. ಸಿಡ್ನಿಯ ಪಂದ್ಯಗಳಲ್ಲಿ ತಂಡ ತೊಟ್ಟದ್ದು ನ್ಯೂ ಸೌತ್ ವೇಲ್ಸ್‌ನ ತಿಳಿನೀಲಿ ಅಂಗಿ. ಬ್ರಿಸ್ಬೇನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಡುಗೆಂಪು ಅಂಗಿ.

ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಟ್ರೈ; ಆಗ ಅದಕ್ಕೆ 3 ಅಂಕ. ಬಳಿಕ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಒದ್ದು ದಾಟಿಸಿದರೆ ಇನ್ನೂ 2. ಒದೆಯಲು ಚೆಂಡನ್ನು ಜೊತೆಗಾರನೊಬ್ಬ ಹಿಡಿದುಕೊಡುತ್ತಿದ್ದ. ಅದು ನೆಲ ಮುಟ್ಟಿದೊಡನೆ ಎದುರಾಳಿಗಳು ನುಗ್ಗಿ ಬರಬಹುದಿತ್ತು. ಹಾಗಾಗಿ ಒದೆಯುವವನಿಗೆ ಗುರಿಯ ಜೊತೆಗೆ ಸ್ಥಿರಚಿತ್ತವೂ ಬೇಕಿತ್ತು. ಸ್ಪ್ರಾಗ್ ಮೊದಲ ಟೆಸ್ಟ್‌ನಲ್ಲಿ ಒಂದು ಟ್ರೈ ಗಳಿಸಿ, ಎರಡು ಬಾರಿ ಚೆಂಡನ್ನು ಒದ್ದು ದಾಟಿಸಿದ. ಆಸ್ಟ್ರೇಲಿಯಾ 13–3ರಿಂದ ಗೆದ್ದಿತು.

ಮುಂದಿನ ಮೂರೂ ಟೆಸ್ಟ್‌ಗಳಲ್ಲಿ ಸೋಲು. ಬ್ರಿಸ್ಬೇನ್‌ನಲ್ಲಿ 11–0, ಸಿಡ್ನಿಗೆ ಮರಳಿದ ಮೇಲೆ ಮೂರನೆಯದರಲ್ಲಿ 11–10, ನಾಲ್ಕನೆಯದರಲ್ಲಿ 13–0. ಒಂದೇ ಅಂಕದಿಂದ ಕೈತಪ್ಪಿದ ಮೂರನೆಯ ಪಂದ್ಯದಲ್ಲಿ ಆಸ್ಟ್ರೇಲಿಯಾದ ಹತ್ತೂ ಅಂಕ ಸ್ಪ್ರಾಗ್‌ನವೇ. ಸರಣಿಯಲ್ಲಿ ತಂಡ ಗಳಿಸಿದ 23 ಅಂಕಗಳಲ್ಲಿ 17 ಅವನವು. ನಾಲ್ಕೂ ಟೆಸ್ಟ್‌ಗಳನ್ನು ಆಡಿದ ಕೆಲವೇ ಆಟಗಾರರಲ್ಲಿ ಅವನೂ ಒಬ್ಬ.

ಮುಂದೆ ಕ್ವೀನ್ಸ್‌ಲ್ಯಾಂಡ್‌ಗೆ ಹೋಗಿ ನೆಲೆಸಿದ ಸ್ಪ್ರಾಗ್ 1904ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ ತೀರಿಕೊಂಡ. ಅವನ ಟೆಸ್ಟ್ ಜೀವನವೆಲ್ಲ 1899ರ ಆ ನಾಲ್ಕು ಪಂದ್ಯಗಳೇ.

ಕಿರಿಯ ಆಟಗಾರರು ಈ ಬದುಕಿನಿಂದ ಕಲಿಯಬೇಕಾದದ್ದು ಇಷ್ಟು: ತಂಡ ಸೋಲುವ ದಿನವೂ ತನ್ನ ಪಾಲಿನ ಆಟವನ್ನು ಪೂರ್ತಿಯಾಗಿ ಆಡಬೇಕು. ಎಷ್ಟು ಪಂದ್ಯ ಸಿಗುತ್ತದೆಂಬುದು ಆಟಗಾರನ ಕೈಯಲ್ಲಿಲ್ಲ. ಸಿಕ್ಕಿದ್ದಕ್ಕೆ ಅಣಿಯಾಗಿರುವುದು ಅವನ ಕೈಯಲ್ಲಿದೆ.