ಹಸಿರನ್ನೆಲ್ಲ ನಂಬಬೇಡ ಮಗಳೇ

ಬಡಾವಣೆಯ ಕೆರೆ ಉಳಿಸುವ ಗುಂಪಿಗೆ ಸೇರಿದ್ದೀಯಂತೆ, ಕೇಳಿ ಸಂತೋಷವಾಯಿತು. ಕೆಲಸಕ್ಕಿಳಿಯುವ ಮೊದಲು ಒಂದು ಮಾತು ಕಿವಿಗೆ ಹಾಕಿಕೊ ಮಗಳೇ. ಹಸಿರು ಕಂಡ ಕೂಡಲೇ ಹಿಗ್ಗಬೇಡ. ಅದು ಯಾವ ಹಸಿರು, ಏನನ್ನು ಉಂಡು ಬೆಳೆದಿದೆ ಎಂದು ವಿಚಾರಿಸು.

ಬೆಂಗಳೂರಿನ ಬೆಳ್ಳಂದೂರು ಕೆರೆ ಎಷ್ಟೋ ವರ್ಷ ಅಂತರಗಂಗೆ ಹಾಸಿಕೊಂಡು ದೂರಕ್ಕೆ ಹುಲ್ಲುಗಾವಲಿನಂತೆ ಕಾಣುತ್ತಿತ್ತು. ನೊರೆಯುಕ್ಕಿದ್ದು ಅದೇ ಕೆರೆಯಲ್ಲಿ. 2015ರಲ್ಲೂ 2017ರಲ್ಲೂ ಬೆಂಕಿ ಹತ್ತಿಕೊಂಡದ್ದೂ ಅಲ್ಲೇ. ಚರಂಡಿ ನೀರಿನ ಸಾರಜನಕ, ರಂಜಕಗಳೇ ಅಂತರಗಂಗೆಗೆ ಗೊಬ್ಬರ. ಜೆಸಿಬಿ ತರಿಸಿ ಗಿಡ ಎತ್ತಿಸಿಬಿಟ್ಟರೆ ಕೆರೆ ಶುದ್ಧವಾಯಿತೆಂದು ಫೋಟೊ ತೆಗೆಸಿಕೊಳ್ಳಬೇಡಿ. ಒಳಹರಿವ ಕೊಳಚೆ ನಿಲ್ಲದಿದ್ದರೆ ಗಿಡ ಮತ್ತೆ ಬಂದೇ ಬರುತ್ತದೆ.

ಪಾಚಿಯನ್ನೂ ಹೀಗೇ ನೋಡು. ನೀರಿನ ಮೇಲೆ ಹಸಿರು ಪೇಂಟು ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ಮೈಕ್ರೋಸಿಸ್ಟಿಸ್‌ನಂಥ ನೀಲಿಹಸಿರು ಪಾಚಿಯಿರಬಹುದು. ಅದರ ಕೆಲವು ಬಗೆಗಳು ಯಕೃತ್ತನ್ನು ಕೆಡಿಸುವ ವಿಷ ಬಿಡುತ್ತವೆ. ಪರೀಕ್ಷೆಯಾಗುವವರೆಗೆ ಆ ನೀರಿಗೆ ದನ ಬಿಡಬೇಡಿರೆಂದು ದನಗಾಹಿಗಳಿಗೆ ಹೇಳು. ಕೆರೆಗೆ ಹೋಗುವುದಾದರೆ ಬೆಳಗಿನ ಜಾವವೇ ಹೋಗು. ಹಗಲಲ್ಲಿ ಆಮ್ಲಜನಕ ಕೊಡುವ ಪಾಚಿ ಇರುಳಲ್ಲಿ ತಾನೇ ಅದನ್ನು ಉಸಿರಾಡಿ ಮುಗಿಸುತ್ತದೆ. ಪಾಚಿ ಮಿತಿಮೀರಿದ ಕೆರೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದು ಆ ಹೊತ್ತಿನಲ್ಲೇ. ಮಧ್ಯಾಹ್ನ ಹೋದವರಿಗೆ ಎಲ್ಲವೂ ಸರಿಯಿದ್ದಂತೆ ಕಂಡೀತು.

ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಸಿಕ್ಕರೆ ಒಂದು ಹನಿ ನೀರು ಇಟ್ಟು ನೋಡು. 1969ರಲ್ಲಿ ಪಾಮರ್ ಎಂಬ ವಿಜ್ಞಾನಿ ಕೊಳಕು ತಾಳುವ 20 ಪಾಚಿ ಕುಲಗಳನ್ನು ಆರಿಸಿ ಒಂದೊಂದಕ್ಕೂ ಅಂಕ ಕೊಟ್ಟ. ಯೂಗ್ಲಿನಾ, ಆಸಿಲಟೋರಿಯಾಗಳಿಗೆ ತಲಾ 5. ಸಿಕ್ಕವುಗಳ ಅಂಕ ಕೂಡಿ 20 ಅಥವಾ ಅದಕ್ಕಿಂತ ಹೆಚ್ಚಾದರೆ ಸಾವಯವ ಕೊಳೆ ವಿಪರೀತವಿದೆ ಎಂದು ಲೆಕ್ಕ.

ಗಾಳಿಯ ಸುದ್ದಿ ಬೇಕಾದರೆ ಮರದ ತೊಗಟೆ ನೋಡು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗ ಅಲ್ಲಿರುತ್ತದೆ. ಪಾಚಿಯೂ ಶಿಲೀಂಧ್ರವೂ ಕೂಡಿ ಬಾಳುವ ಈ ಜೀವಕ್ಕೆ ಬೇರಿಲ್ಲ. ನೀರು, ಪೋಷಣೆಯ ಬಹುಪಾಲು ಗಾಳಿ ಮಳೆಗಳಿಂದಲೇ ಬರಬೇಕು, ವಿಷವೂ ಹಾಗೇ ಒಳಸೇರುತ್ತದೆ. ಪ್ಯಾರಿಸ್ಸಿನಲ್ಲಿ ಅದು ನಗರದ ಬೇರೆಡೆ ಕಾಣದಾಗಿಯೂ ಲಕ್ಸೆಂಬರ್ಗ್ ತೋಟದಲ್ಲಿ ಉಳಿದಿರುವುದನ್ನು ಗಮನಿಸಿದ ನೈಲಾಂಡರ್ ಎಂಬ ವಿಜ್ಞಾನಿ, 1866ರಲ್ಲೇ ಅದನ್ನು ಗಾಳಿಯ ಅಳತೆಗೋಲೆಂದು ಕರೆದ. ಗಂಧಕದ ಹೊಗೆಯನ್ನು ಹಲವು ಬಗೆಗಳು ತಾಳವು. ಪೊದೆಯಂತೆ ಜೋತುಬೀಳುವವು ಮೊದಲು ಮಾಯವಾಗುತ್ತವೆ. ಆದರೆ ಸಾರಜನಕ ಹೆಚ್ಚಾದಲ್ಲಿ ಕೊಬ್ಬುವ ಬಗೆಗಳೂ ಇವೆ. ಇದೆಯೋ ಇಲ್ಲವೋ ಎಂದಷ್ಟೇ ನೋಡದೆ ಯಾವುದು ಇದೆ ಎಂಬುದನ್ನೂ ನೋಡಬೇಕು.

ಇನ್ನೊಂದು ಎಚ್ಚರಿಕೆ. ಒಂದು ಗಿಡ ಕಂಡು ತೀರ್ಪು ಕೊಡಬೇಡ. ಬಯಲುಸೀಮೆಯ ಒಣಮರದಲ್ಲಿ ಕಲ್ಲುಹೂವು ಕಡಿಮೆಯಿದ್ದರೆ ತಪ್ಪು ಬಿಸಿಲಿನದೂ ಇದ್ದೀತು. ಕೆರೆಯಲ್ಲಾದರೆ ಕೋಡಿಯ ಕಡೆಯ ಗಿಡ, ಪಾಚಿಯನ್ನು ನೀರು ಒಳಬರುವ ಕಡೆಯವುಗಳೊಡನೆ ಹೋಲಿಸು. ಸೀಸ, ಪಾದರಸ ಎಷ್ಟಿದೆ, ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಬಾಟಲಿಯಲ್ಲಿ ತುಂಬಿದ ನೀರು ಆ ಗಳಿಗೆಯ ಸ್ಥಿತಿ ಹೇಳಿದರೆ, ಅಲ್ಲೇ ಬೆಳೆದ ಗಿಡ ಹಲವು ತಿಂಗಳ ಕಥೆ ಹೇಳುತ್ತದೆ. ಎರಡನ್ನೂ ಜೊತೆಗಿಟ್ಟುಕೊಂಡು ಸಂಬಂಧಪಟ್ಟ ಕಚೇರಿಗೆ ಹೋಗು. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ತಾರೀಕು ಹಾಕಿ ಬರೆದಿಟ್ಟ ಪುಸ್ತಕ ಕೈಯಲ್ಲಿದ್ದರೆ, ನಿನ್ನ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ.